ಹಲ್ಲಿನ ಅಳತೆ: ಪೇಸ್ಟೋ, ಸ್ಕ್ಯಾನರೋ?

ಪ್ರಶ್ನೆ: 8 ವರ್ಷದ ಮಗಳ ಹಲ್ಲಿಗೆ ಕ್ಲಿಪ್ ಹಾಕಲು ಅಳತೆ ತೆಗೆಯುವಾಗ ಓಕರಿಕೆ ಬಂದು ಪೇಸ್ಟ್ ತುಂಬಿದ ಟ್ರೇ ಕಿತ್ತುಹಾಕಿದಳು. ಬಾಯೊಳಗೆ ಹಿಡಿದು ಹಲ್ಲಿನ ಚಿತ್ರ ತೆಗೆಯುವ ಸ್ಕ್ಯಾನರ್ ಸುಲಭವೇ?

ಉತ್ತರ: ಬಹುಪಾಲು ಮಕ್ಕಳಿಗೆ ಸುಲಭವೇ. ಮೇಲಿನ ಟ್ರೇಯಲ್ಲಿ ಹೆಚ್ಚಾದ ಆಲ್ಜಿನೇಟ್ (ಅಳತೆಯ ಪೇಸ್ಟ್) ಹಿಂದಕ್ಕೆ ಜಾರಿ ಅಂಗುಳದ ಮೃದುವಾದ ಹಿಂಭಾಗಕ್ಕೆ ತಾಗಿದರೆ ಓಕರಿಕೆ ಬರುತ್ತದೆ; ಗಟ್ಟಿಯಾಗುವವರೆಗೆ ತೆಗೆಯುವಂತೆಯೂ ಇಲ್ಲ. ಸ್ಕ್ಯಾನರ್ ಬಳಸುವುದು ಬರೀ ಬೆಳಕು, ಎಕ್ಸ್‌ರೇ ಅಲ್ಲ. ಮಗು ಕೈ ಎತ್ತಿದರೆ ನಿಲ್ಲಿಸಿ, ಬಿಟ್ಟಲ್ಲಿಂದ ಮುಂದುವರಿಸಬಹುದು. ಆದರೆ ಅದರ ತುದಿ ದಪ್ಪ; ಪುಟ್ಟ ಬಾಯಲ್ಲಿ ಕೊನೆಯ ದವಡೆಹಲ್ಲಿನ ಹಿಂಬದಿ ಸಿಗುವುದೇ ಕಷ್ಟ. ಜೊಲ್ಲು ನಿಂತರೂ ಚಿತ್ರ ಕೆಡುತ್ತದೆ, ಒಣಗಿಸಿ ಮತ್ತೆ ತೆಗೆಯಬೇಕು. ಚಿಕ್ಕ ತುದಿ ಇದೆಯೇ ಎಂದು ಮೊದಲೇ ವಿಚಾರಿಸಿ.

ಸ್ಕ್ಯಾನರ್ ಇಲ್ಲದಿದ್ದರೆ 1–2 ನಿಮಿಷದಲ್ಲಿ ಗಟ್ಟಿಯಾಗುವ ಆಲ್ಜಿನೇಟ್ ಕೇಳಿ. ಮೊದಲು ಕೆಳದವಡೆ ಆಗಲಿ. ಮಗು ನೆಟ್ಟಗೆ ಕೂತು, ತಲೆ ಮುಂದೆ ಬಾಗಿಸಿ ಮೂಗಿನಿಂದ ಉಸಿರಾಡಲಿ. ಮೂಗು ಕಟ್ಟಿದ ದಿನ ಖಂಡಿತ ಬೇಡ.