ನಾಪೋಕ್ಲಿಗೆ ಮೆಕ್ಯಾನಿಕ್ ಬರ್ತಾನಾ?

ಪ್ರಶ್ನೆ: ನಮ್ಮದು ನಾಪೋಕ್ಲಿನಿಂದ ಒಳಗೆ, ತೋಟದ ಮನೆ. ಫ್ರಿಡ್ಜ್ ಮತ್ತು ಫ್ರಂಟ್ ಲೋಡ್ ವಾಷಿಂಗ್ ಮೆಷಿನ್, ಎರಡರ ವಾರಂಟಿಯೂ ಮುಂದಿನ ತಿಂಗಳು ಮುಗಿಯುತ್ತದೆ. 9,500 ರೂಪಾಯಿ ಕಟ್ಟಿದರೆ ಇನ್ನು ಮೂರು ವರ್ಷ ರಿಪೇರಿ ಚಿಂತೆಯೇ ಇಲ್ಲ ಎಂದು ದಿನಾ ಫೋನ್ ಬರುತ್ತಿದೆ. ಕಟ್ಟಬಹುದಾ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಫೋನ್ ಮಾಡಿದವರನ್ನು ಮೊದಲು ಒಂದು ಮಾತು ಕೇಳಿ. ಜುಲೈ ಮಳೆಯಲ್ಲಿ ನಿಮ್ಮ ಮೆಕ್ಯಾನಿಕ್ ನಮ್ಮ ಮನೆ ಬಾಗಿಲಿಗೆ ಬರುತ್ತಾನಾ? ನಿಮ್ಮ ಪಿನ್‌ಕೋಡ್ ಕೊಡಿ, ಉತ್ತರವನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಆತ ಮೈಸೂರಿನಿಂದ ಬರಬೇಕಾದರೆ ಮಡಿಕೇರಿಗೇ ಸುಮಾರು 120 ಕಿಲೋಮೀಟರ್. ನಿಮ್ಮ ಗೇಟು ಅದರಿಂದಲೂ ಆಚೆ.

ನಾನು ವಿರಾಜಪೇಟೆಯಲ್ಲಿ ರಿಪೇರಿ ಅಂಗಡಿ ನಡೆಸುವವನು. ಈ ಹೆಚ್ಚುವರಿ ವಾರಂಟಿ ಪ್ಲಾನ್ ಬೇಡ ಅಂದರೆ ತನ್ನ ವ್ಯಾಪಾರಕ್ಕೇ ಹೇಳ್ತಾನೆ ಅಂತ ನಿಮಗೆ ಅನ್ನಿಸಬಹುದು, ಅನ್ನಿಸಲಿ. ಮಳೆಗಾಲದಲ್ಲಿ ನನ್ನ ಟೇಬಲ್ಲಿಗೆ ಬರುವ, ಮೆಷಿನ್ ಒಳಗಿನ ಸರ್ಕ್ಯೂಟ್ ಬೋರ್ಡುಗಳ ಕಥೆ ಕೇಳಿ. ಕರೆಂಟ್ ಒಳಗೆ ಬರುವ ಮೂಲೆಯಲ್ಲಿ ನಾಣ್ಯದಷ್ಟು ಅಗಲದ ಒಂದು ನೀಲಿ ಬಿಲ್ಲೆ ಇರುತ್ತದೆ. ವೋಲ್ಟೇಜ್ ಮಿತಿ ಮೀರಿದರೆ ಅದು ತಾನು ಸುಟ್ಟುಕೊಂಡು ಫ್ಯೂಸ್ ಹಾರಿಸುತ್ತದೆ. ಗಾಳಿಗೆ ಸಿಲ್ವರ್ ಓಕ್ ಮರ ಲೈನ್ ಮೇಲೆ ಉರುಳಿ ನ್ಯೂಟ್ರಲ್ ತಂತಿ ತುಂಡಾಯಿತು ಅನ್ನಿ, 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರ ನುಗ್ಗಬಹುದು. ಆಗ ಬಿಲ್ಲೆ ಎರಡು ಹೋಳು, ಸುತ್ತ ಮಸಿ. ಇನ್ನು ಕೆಲವು ಬೋರ್ಡಿನಲ್ಲಿ ಬೆಚ್ಚಗಿದೆ ಅಂತ ಸೇರಿಕೊಂಡ ಹಲ್ಲಿ ಅಲ್ಲೇ ಶಾಕ್ ಹೊಡೆದು ಒಣಗಿ ಅಂಟಿಕೊಂಡಿರುತ್ತದೆ. ಬ್ರಷ್‌ನಲ್ಲಿ ಕೆರೆದು ತೆಗೆಯಬೇಕು.

ಈಗ ಪ್ಲಾನಿನ ಸಣ್ಣ ಅಕ್ಷರ ಓದಿ. ಸಿಡಿಲು, ವೋಲ್ಟೇಜ್ ಏರಿಳಿತ, ಇಲಿ, ಹಲ್ಲಿ, ಇರುವೆ, ತುಕ್ಕು, ರಬ್ಬರ್ ಸಾಮಾನು – ಇವಕ್ಕೆ ನಾವು ಹೊಣೆಯಲ್ಲ ಎಂದು ಹೆಚ್ಚಿನ ಪ್ಲಾನ್‌ಗಳಲ್ಲಿ ಬರೆದಿರುತ್ತದೆ. ನಮ್ಮ ಕಡೆ ಮೆಷಿನ್ ಕೆಡುವುದೇ ಜಾಸ್ತಿ ಇವುಗಳಿಂದ, ಅಲ್ವಾ?

ಹಾಗಾಗಿ ಫ್ರಿಡ್ಜ್‌ಗೆ ಪ್ಲಾನ್ ಬೇಡ. ಅದರ ವಾರಂಟಿ ಕಾರ್ಡ್ ತೆಗೆದು ನೋಡಿ, ಕಂಪ್ರೆಸರ್‌ಗೆ ಬೇರೆಯಾಗಿ 10 ವರ್ಷ ಕೊಟ್ಟಿರುವ ಕಂಪನಿಗಳು ಬಹಳ ಇವೆ. ಕಂಪ್ರೆಸರ್ ಫ್ರೀ ಅಷ್ಟೇ, ಗ್ಯಾಸು ಮತ್ತು ಕೂಲಿಗೆ ಸಾಮಾನ್ಯವಾಗಿ ನೀವೇ ಕೊಡಬೇಕು. ಪ್ಲಾನಿಗೆ ಕಟ್ಟುವ ದುಡ್ಡಿನಲ್ಲಿ ಒಳ್ಳೆ ಸ್ಟೆಬಿಲೈಸರ್ ಹಾಕಿಸಿ, ಅರ್ತಿಂಗ್ ಚೆಕ್ ಮಾಡಿಸಿ. ಮಳೆಗಾಲದಲ್ಲಿ ಅರ್ತ್ ಗುಂಡಿ ಒದ್ದೆ ಇರುತ್ತದೆ, ತೊಂದರೆ ಇಲ್ಲ. ಮಾರ್ಚ್‌ನಲ್ಲಿ ಪೂರಾ ಒಣಗುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ಗುಡುಗು ಸಿಡಿಲಿನ ಜೊತೆ ಬರುವುದೂ ಆಗಲೇ. ಎರಡು ಬಿಂದಿಗೆ ನೀರು ಹೊಯ್ಯಿರಿ. ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕೀಳಿ. ಸ್ಟೆಬಿಲೈಸರ್ ಸಿಡಿಲು ತಡೆಯಲ್ಲ.

ವಾಷಿಂಗ್ ಮೆಷಿನ್ ಮಾತು ಬೇರೆ. ಫ್ರಂಟ್ ಲೋಡ್‌ನಲ್ಲಿ ಬೋರ್ಡು, ಬೇರಿಂಗ್ ಎರಡೂ ಕೈ ಕಚ್ಚುವ ಕೆಲಸ. ಮೋಟಾರಿಗೆ 10 ವರ್ಷ ಎಂದು ಸ್ಟಿಕ್ಕರ್ ಇದ್ದರೂ ಬೋರ್ಡು ಅದರಲ್ಲಿ ಸೇರಿರುವುದಿಲ್ಲ. ಮೆಕ್ಯಾನಿಕ್ ಬರುವುದು ಖಾತ್ರಿಯಾದರೆ, ಬೋರ್ಡ್ ಕೂಡ ಸೇರಿದೆ ಎಂದು ಪ್ಲಾನಿನಲ್ಲಿ ಅಚ್ಚಾಗಿದ್ದರೆ, ಬರೀ ವಾಷಿಂಗ್ ಮೆಷಿನ್‌ಗೆ ಎಷ್ಟು ಎಂದು ಕೇಳಿ. 18% ಜಿಎಸ್‌ಟಿ ಸೇರಿದ ರೇಟು ಹೇಳಿಸಿ. ಬರೀ ಸರ್ವಿಸ್, ಸಾಮಾನಿಗೆ ಬೇರೆ ದುಡ್ಡು ಅನ್ನುವ ಪ್ಲಾನ್ ಆದರೆ ಸುಮ್ನೆ ಬಿಟ್ಟುಬಿಡಿ. ಇವತ್ತೇ ಕೊನೆ ದಿನ ಅಂದರೂ ಹೆದರಬೇಡಿ, ವಾರಂಟಿ ಮುಗಿಯುವವರೆಗೆ ಟೈಮ್ ಇದೆ.

ದುಡ್ಡು ಕಟ್ಟಿಸಿಕೊಂಡು ಮೆಕ್ಯಾನಿಕ್ಕನ್ನು ಕಳಿಸದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ, 2019ರ ಗ್ರಾಹಕ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಪ್ರಶ್ನೆ: ನೀರಿನ ಫಿಲ್ಟರ್‌ಗೆ ವಾರ್ಷಿಕ ಕಾಂಟ್ರಾಕ್ಟ್ ಮಾಡಿಸಬೇಕಾ? ನಮ್ಮದು ಬೋರ್‌ವೆಲ್ ನೀರು.
– ಓದುಗರೊಬ್ಬರು, ಕುಶಾಲನಗರ

ಉತ್ತರ: ಇದನ್ನು ಮಾಡಿಸಬಹುದು, ಕ್ಯಾಂಡಲ್, ಮೆಂಬ್ರೇನ್ (ಆರ್‌ಒ ಮೆಷಿನ್ನಿನಲ್ಲಿ ನೀರು ಸೋಸುವ ಪೊರೆ) ಎರಡೂ ಸೇರಿದ್ದರೆ ಮಾತ್ರ. ಇವು ಕೆಡುವುದಲ್ಲ, ಸವೆಯುವುದು. ಹೇಗೂ ಬದಲಿಸಲೇಬೇಕು. ಬಿಡಿಯಾಗಿ ಕೊಂಡರೆ ಎಷ್ಟು ಎಂದು ವಿಚಾರಿಸಿ, ಎರಡು ರೇಟನ್ನೂ ಪಕ್ಕಪಕ್ಕ ಬರೆದು ನೋಡಿ. ಅದಕ್ಕೂ ಮೊದಲು ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಗಳ ಪ್ರಮಾಣ ಅಳೆಸಿ. 500ಕ್ಕಿಂತ ಕಡಿಮೆ ಇದ್ದು, ಲ್ಯಾಬ್ ಟೆಸ್ಟ್‌ನಲ್ಲಿ ಬೇರೇನೂ ಸಿಗದಿದ್ದರೆ ನಿಮಗೆ ಆರ್‌ಒ ಮೆಷಿನ್ನೇ ಬೇಕಾಗಿಲ್ಲ.