ಕಾಲೇಜಿನಲ್ಲಿ ನಿಮ್ಮ ಲವ್ ಸ್ಟೋರಿ ಹೇಗೆ ಶುರುವಾಯ್ತು?

ವಿಜಯಪುರದವ್ರು ಅಂದ್ರ ಸಾಕ್ರಿ, ಎಲ್ಲಾರೂ ಗೋಳಗುಮ್ಮಟದಾಗ ಪ್ರಪೋಸ್ ಮಾಡಿದ್ರೇನು ಅಂತ ಕೇಳ್ತಾರ. ಅದನ್ನೂ ಹೇಳ್ತೀನಿ, ಆದ್ರ ನಮ್ದು ಶುರು ಆಗಿದ್ದು ಸರ್ವೇ ಪ್ರಾಕ್ಟಿಕಲ್‌ನಾಗ.

ಇಬ್ರದೂ ಸಿವಿಲ್, ರೋಲ್ ನಂಬರ್ ಹಿಂದಮುಂದ, ಹಿಂಗಾಗಿ ಒಂದ ಬ್ಯಾಚ್. ಆಕಿ ಲೆವೆಲ್‌ನಾಗ, ಅಂದ್ರ ನೆಲದ ಎತ್ತರ ಅಳಿಯೋ ದುರ್ಬೀನಿನಾಗ, ನೋಡಿ ರೀಡಿಂಗ್ ಬರ್ಕೊಳ್ಳಾಕಿ, ನಾ 4 ಮೀಟರ್ ಸ್ಟಾಫ್, ಅಂದ್ರ ಅಳತಿ ಪಟ್ಟಿ, ಹಿಡ್ಕೊಂಡು ಬಿಸಲಾಗ ನಿಂದ್ರಾಂವ. ನಮ್ಮ ಲ್ಯಾಬ್‌ದಾಗ ಇದ್ದಿದ್ದು ಹಳೇ ಡಂಪಿ ಲೆವೆಲ್, ಅದರಾಗ ಎಲ್ಲಾ ತಲಿಕೆಳಗ ಕಾಣ್ತದ. ಅಂದ್ರ ಆಕಿ ನನ್ನ ಮೊದಲ ಸಲ ನೆಟ್ಟಗ ನೋಡಿದ್ದ ಉಲ್ಟಾ. "ಏ, ಸ್ಟಾಫ್ ಸೀದಾ ಹಿಡಿಯೋ" ಅಂತ ಒದರೋದು ಬಿಟ್ರ ಮಾತಿಲ್ಲ ಕಥಿಲ್ಲ.

4ನೇ ಸೆಮ್, ಏಪ್ರಿಲ್ ತಿಂಗಳು, ನಮ್ಮ ಕಡೆ ಬಿಸಲು ಗೊತ್ತಲ್ರಿ. ಲೆವೆಲ್ ಎತ್ತಿ ಮುಂದ ಇಡೋತನ ಸ್ಟಾಫ್ ಹಿಡದಾಂವ ತಾ ಸ್ಟಾಫ್ ಇಟ್ಟ ಕಲ್ಲು, ಅಂದ್ರ ಚೇಂಜ್ ಪಾಯಿಂಟ್, ಬಿಟ್ಟು ಅಲುಗಬಾರ್ದು, ಅದ ರೂಲು. ನಾ ಏನ್ ಮಾಡ್ದೆ, ಬೇವಿನ ಗಿಡದ ನೆಳ್ಳಾಗ ಹೋಗಿ ಕೂತೆ, ನೀರು ಕುಡದು ವಾಪಸ್ ಬಂದು ಬಾಜೂ ಕಲ್ಲಿನ ಮ್ಯಾಲ ಸ್ಟಾಫ್ ಇಟ್ಟುಬಿಟ್ಟೆ, ಕಲ್ಲು ಕಲ್ಲ ಅಲ್ಲೇನ ಅಂತ. ಸಂಜಿಗೆ ಲೆಕ್ಕ ಹಾಕಿದ್ರ ಹೊಂಟಲ್ಲಿಗೇ ವಾಪಸ್ ಬರೋ 1 ಕಿಲೋಮೀಟರ್ ಲೂಪಿಗೆ ಎತ್ತರದಾಗ 24 ಮಿಲಿಮೀಟರ್ ತನಕ ತಪ್ಪು ನಡೀತದ, ನಮ್ದು 185 ಬಂತು. ಬರದಾಕಿ ಆಕಿ, ಹಿಂಗಾಗಿ ಬೈಸ್ಕೊಂಡಾಕೀನೂ ಆಕಿನ. ಸರ್ ಫೀಲ್ಡ್ ಬುಕ್ ಮ್ಯಾಲ ಕೆಂಪು ಪೆನ್ನಿಲೆ ರಿಪೀಟ್ ಅಂತ ಬರದ್ರು, ಬ್ಯಾಚಿನವ್ರೂ ಆಕಿಗೇ ಅಂದ್ರು, ಆಕಿ ಒಂದೂ ಮಾತಾಡದ ಮತ್ತ ಮತ್ತ ಕೂಡಿಸ್ಲಾಕತ್ತಿದ್ಲು. ನನ್ನ ಹೊಟ್ಟ್ಯಾಗ ತಡೀಲಿಲ್ಲ, ಸೈಕಲ್ ಸ್ಟ್ಯಾಂಡ್ ಹತ್ರ ಹೋಗಿ ಗಿಡದ ಕಥಿ ಹೇಳಿದೆ. ಬೈತಾಳ ಅನ್ಕೊಂಡಿದ್ದೆ. "ನಾಳೆ ಮುಂಜಾನೆ 6ಕ್ಕ ಬಾ, ಟ್ರೈಪಾಡ್ ನೀನ ಹೊರಬೇಕು" ಅಂದ್ಲು, ಅಷ್ಟ.

ಮರುದಿನ ಉಳಿದವ್ರು ಒಬ್ರೂ ಬರ್ಲಿಲ್ಲ. ಇಬ್ರ ಪೂರಾ ಲೂಪ್ ಹೊಡದ್ವಿ, ನಾ ಕಲ್ಲಿನ ಮ್ಯಾಲಿಂದ ಕಾಲು ತಗೀಲಿಲ್ಲ. 9 ಮಿಲಿಮೀಟರ್ ಬಂತು! ಆಮ್ಯಾಲ ಅದ ಬೇವಿನ ಗಿಡದ ಕೆಳಗ ಆಕಿ ಡಬ್ಬಿ ತಗದ್ಲು, ಕಟಕ ರೊಟ್ಟಿ, ಶೇಂಗಾ ಚಟ್ನಿ, ಮ್ಯಾಲ ಮೊಸರು. ನನಗ ಅವತ್ತ ಆಗಿದ್ದು ಆಗಿಹೋತು.

ಇನ್ನ ಗೋಳಗುಮ್ಮಟ. ಎರಡ ತಿಂಗಳಾದ ಮ್ಯಾಲ ದೋಸ್ತರ ಜೋಡಿ ಹೋಗಿದ್ವಿ. ಮ್ಯಾಲಿನ ಗ್ಯಾಲರಿ ಆ ಕಡಿಂದ ಈ ಕಡಿಗೆ ಹೆಚ್ಚುಕಮ್ಮಿ 38 ಮೀಟರ್, ಗ್ವಾಡಿಗೆ ಬಾಯಿ ಹಚ್ಚಿ ಸಣ್ಣಗ ಅಂದ್ರೂ ಆ ಕಡೆ ಕೇಳಸ್ತದ. ಧೈರ್ಯಾ ಮಾಡಿ ಹೇಳೇಬಿಟ್ಟೆ. ಅದ ಟೈಮಿಗೆ ಸಾಲಿ ಟ್ರಿಪ್ಪಿನ ಹುಡುಗೊಬ್ಬ ಸಿಳ್ಳಿ ಹೊಡದ ನೋಡ್ರಿ, ಅದು ಏಳ ಸಲ ತಿರುಗಿ ಬಂತು. "ಏನಂದಿ?" ಅಂತ ಕೇಳಿದ್ಲು. ನಾ ಪುಕ್ಕಲ, "ಹಸಿವಾಗೇದ ಅಂದೆ" ಅಂದೆ. ಆ ಮೆಟ್ಲು ಇಳಿಯೋತನ ಆ ಹುಡುಗನ್ನ ಮನಸ್ಸಿನಾಗ ಬೈಕೋತ ಇಳದೆ.

ಮನ್ಯಾಗ ಒಪ್ಪಿಸಿದ್ದು ಬ್ಯಾರೆ ದೊಡ್ಡ ಕಥಿ, ಮತ್ತೊಮ್ಮೆ ಬರೀತೀನಿ. ಈಗ ಮದುವಿ ಆಗೇದ, ಆ ಫೀಲ್ಡ್ ಬುಕ್ ಇನ್ನೂ ಟ್ರಂಕಿನಾಗ ಅದ. ಗುಮ್ಮಟಕ್ಕ ಹೋಗಿ ಬಂದ ಮರುವಾರದ ಹಾಳಿ, ರಿಮಾರ್ಕ್ಸ್ ಕಾಲಂನಾಗ ಪೆನ್ಸಿಲ್ಲಿಲೆ ಬರದಿದ್ಲು, "ಸಿಳ್ಳಿ ನಡುವನೂ ಕೇಳಿಸ್ತು. ಹೂಂ." ಸರ್ ಸಹಿ ಮಾಡೋಕಿಂತ ಮೊದ್ಲ ಅಳಿಸಿದ್ವಿ, ಆದ್ರ ಒತ್ತಿ ಬರದಿದ್ಲು, ಹಾಳಿ ಬೆಳಕಿಗೆ ಅಡ್ಡ ಹಿಡದ್ರ ಈಗೂ ಕಾಣ್ತದ.