ಹನಿಮೂನೋ, ಹುಡುಗರ ಕಾವಲೋ?

ಮದುವೆಯಾದ ವಾರಕ್ಕೇ ಕಾಲೇಜು ಹುಡುಗರನ್ನು ನೇಪಾಳಕ್ಕೆ ಸೇವಾ ಶಿಬಿರಕ್ಕೆ ಕರೆದುಕೊಂಡು ಹೋಗಿ, ಅದನ್ನೇ ಹನಿಮೂನ್ ಅಂದುಕೊಂಡರೆ ಆಗುತ್ತಾ ಅಂತ ಕೇಳಿದ್ದೀರಿ. ನಾವು ಕಲಬುರಗಿಯಿಂದ ಹಾಗೇ ಹೋಗಿ ಬಂದವರು. ಆಗುತ್ತೆ, ಆದರೆ ಹನಿಮೂನ್ ಅನ್ನೋ ಹೆಸರು ಮಾತ್ರ ಇಡಬೇಡಿ!

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಅಲ್ಲಿಂದ ವಿಮಾನ. ನಮಗೆ ವೀಸಾ ಬೇಡ, ಆದರೆ ದೊಡ್ಡವರಿಗೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕೇ ಬೇಕು. ಆಧಾರ್ ನಡೆಯಲ್ಲ. ಮದುವೆಯಾಯಿತು ಅಂತ ಟಿಕೆಟ್‌ನಲ್ಲಿ ಹೊಸ ಹೆಸರು ಹಾಕಿಸಬೇಡಿ. ಗುರುತಿನ ಚೀಟಿಯಲ್ಲಿ ಇರೋ ಹೆಸರೇ ಇರಲಿ.

ನಾವು ಪೋಖರಾ ಹತ್ತಿರದ ಒಂದು ಹಳ್ಳಿ ಶಾಲೆಗೆ ಬಣ್ಣ ಬಳಿದೆವು. ಹೆಂಡತಿಯ ಕೈ ಮೆಹಂದಿ ಇನ್ನೂ ಹೋಗಿರಲಿಲ್ಲ, ಅದರ ಮೇಲೆ ನೀಲಿ ಪೇಂಟ್. ಅವಳು ಹುಡುಗಿಯರ ಕೋಣೆಯಲ್ಲಿ, ನಾನು ಹುಡುಗರ ಕೋಣೆಯಲ್ಲಿ. ರಾತ್ರಿ ಎರಡಕ್ಕೆ ಒಬ್ಬನಿಗೆ ವಾಂತಿ ಶುರುವಾಯಿತು. ನಾನು ಬಕೆಟ್ ಹಿಡಿದು ಕೂತಿದ್ದೆ, ಅವಳು ಬಾಗಿಲಲ್ಲಿ ಓಆರ್‌ಎಸ್ ಕಲಸುತ್ತಿದ್ದಳು. ನಿಜ ಹೇಳಬೇಕಂದ್ರೆ, ನಮ್ಮಿಬ್ಬರ ಮೊದಲ ಮನಸ್ಸು ಬಿಚ್ಚಿದ ಮಾತು ಆವತ್ತೇ ಆಗಿದ್ದು. ಮದುವೆ ಮನೆಯಲ್ಲಿ ಮಾತಾಡೋಕೆ ಯಾರು ಬಿಡ್ತಾರೆ, ಅಲ್ವಾ?

ಒಂದು ತಪ್ಪು ಮಾಡಿದೆವು. ನಮ್ಮ ಜೊತೆ ಮೂರನೇ ಹಿರಿಯರು ಯಾರೂ ಇರಲಿಲ್ಲ. ನೀವು ಒಬ್ಬ ಮೇಷ್ಟ್ರನ್ನೋ ಮೇಡಂರನ್ನೋ ಕೇಳಿ ಕರೆದುಕೊಂಡು ಹೋಗಿ, ಸಂಜೆ ಒಂದು ಗಂಟೆಯಾದ್ರೂ ಪೋಖರಾದ ಫೇವಾ ಕೆರೆ ದಂಡೆಯಲ್ಲಿ ಇಬ್ಬರೇ ನಡೆಯಬಹುದು. ಶಿಬಿರ ಮುಗಿದ ಮೇಲೆ ಮೂರು ದಿನ ರಜೆ ಜಾಸ್ತಿ ಹಾಕಿ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮರೀಬೇಡಿ. ನಾಲ್ಕನೇ ದಿನಕ್ಕೆ ದಾಲ್ ಭಾತ್ ಸಾಕೆನಿಸಿ ಹುಡುಗರು ನಿಮ್ಮ ಬ್ಯಾಗೇ ಹುಡುಕ್ತಾರೆ.